ಹನ್ನೊಂದನೆಯ ಗಾಜು

ಧಾರವಾಡ
೧೯ ಜನವರಿ ೨೦೨೫

ಅವ್ವಾ,

ನಿನ್ನೆ ಫೋನಿನಲ್ಲಿ ಎಲ್ಲ ಹೇಳೋಣವೆಂದರೆ ‘ಇಷ್ಟುದ್ದ ಮಾತು ಕಾಗದದಾಗ ಬರದು ಕಳಸು, ನಾ ಕುಂತು ಓದತೇನಿ’ ಅಂತ ಹೇಳಿ ಇಟ್ಟುಬಿಟ್ಟೆ. ಇಡೀ ಹಾಸ್ಟೆಲಿನಲ್ಲಿ ಅಂಚೆ ಚೀಟಿ ಕೊಳ್ಳುವವಳು ನಾನೊಬ್ಬಳೇ. ಅಂಚೆ ಕಚೇರಿಯ ಅಕ್ಕ ‘ಲವ್ ಲೆಟರೇನವಾ?’ ಅಂತ ಕಣ್ಣು ಹೊಡೆದಳು. ‘ಹೌದ್ರಿ’ ಅಂದುಬಿಟ್ಟೆ.

ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಏನು ಅಂತ ಕೇಳಿದ್ದೆಯಲ್ಲ, ಕೇಳು. ನಾವು ಏನು ಮುಟ್ಟಿದರೂ ಬೆರಳಿನ ಬೆವರು, ಎಣ್ಣೆ ಅದಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಪುಡಿ ಹಾಕಿ ಕುಂಚದಿಂದ ಸವರಿದರೆ ಪುಡಿ ಆ ಗುರುತಿಗೆ ಮೆತ್ತಿಕೊಂಡು ಗೆರೆಗಳು ಎದ್ದು ಬರುತ್ತವೆ. ಕಳ್ಳ ಸಿಗುವುದು ಹಾಗೆ. ಆದರೆ ಅದಕ್ಕೆ ಬಳಸುವ ಪುಡಿಗಳಲ್ಲಿ ಕೆಲವು ಎದೆಗೆ ಒಳ್ಳೆಯದಲ್ಲ, ವರ್ಷಗಟ್ಟಲೆ ಉಸಿರಾಡಿದವರಿಗೆ ತೊಂದರೆ. ಅದಕ್ಕೇ ನಾನು ಗಿಡದ ಪುಡಿಗಳಿಂದ ಆಗುತ್ತದೋ ನೋಡುತ್ತಿದ್ದೇನೆ. ಮದರಂಗಿ, ಶೀಗೆಕಾಯಿ, ಬೇವಿನ ಎಲೆ, ಅರಿಶಿಣ. ಅರಿಶಿಣವೇ ಎಲ್ಲಕ್ಕಿಂತ ಮುಂದಿದೆ. ನನ್ನ ರೂಮಿನ ನಾಜಮೀನ್ ಮುಟ್ಟಿದ ಗಾಜಿಗೆ ಅರಿಶಿಣ ಹಾಕಿದೆ, ಅವಳ ಹೆಬ್ಬೆರಳಿನ ಸುಳಿ ಚಿತ್ರ ಬರೆದಂತೆ ಬಂತು. ಕುಣಿದಾಡಿಬಿಟ್ಟೆ.

ಕುಣಿತ ಒಂದೇ ದಿನ. ನನ್ನ ಪ್ರಾಜೆಕ್ಟಿನ ಗೈಡ್ ಹೇಮಂತ ಸರ್ ನೋಡಿ, ‘ಇವೆಲ್ಲಾ ಕ್ರೀಮ್ ಹಚ್ಚಿದ ಹಾಸ್ಟೆಲ್ ಬೆರಳು. ಹೊಲದಾಗ ದುಡಿಯೋ ಕೈ ತಗೊಂಡು ಬಾ. ಅದಕ್ಕ ಹತ್ತಿದರ ಮುಂದ ಮಾತಾಡೂಣು’ ಅಂದರು. ಮಾರ್ಚ್ ಮೂವತ್ತೊಂದಕ್ಕೆ ವರದಿ ಕೊಡಬೇಕು. ದುಡಿಯುವ ಕೈಗೆ ನನ್ನ ಅರಿಶಿಣ ಹಿಡಿಯದಿದ್ದರೆ ಅವರು ಸಹಿ ಮಾಡುವುದಿಲ್ಲ, ನಾನು ಇನ್ನೊಂದು ವರ್ಷ ಇಲ್ಲೇ ಕೂರಬೇಕು.

ಅದಕ್ಕೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಸಿದ್ದರಾಮ ಕಾಕಾನ ಕೈಯಲ್ಲಿ ಆರು ಹೊಸ ಸ್ಟೀಲ್ ಡಬ್ಬಿ ಕಳಿಸಿದ್ದೇನೆ. ಮೆಣಸಿನಕಾಯಿ ಬಿಡಿಸಲು ಬರುವ ಆರು ಜನ ಹೆಣ್ಣುಮಕ್ಕಳಿಗೆ ಒಂದೊಂದು ಹಿಡಿಯಲು ಕೊಟ್ಟು, ತಿರುಗಿ ಕಳಿಸು. ಜೊತೆಗೆ ಒಂದು ಪೆಟ್ಟಿಗೆಯಲ್ಲಿ ಗಾಜಿನ ಪಟ್ಟಿಗಳಿವೆ. ಅವು ನಿನಗೆ. ಒಂದೊಂದರ ಮೇಲೂ ನಿನ್ನ ಹೆಬ್ಬೆಟ್ಟು ಒತ್ತಿ ಕಳಿಸು, ಅಷ್ಟೇ. ಎರಡು ನಿಮಿಷದ ಕೆಲಸ. ನನ್ನ ಅರಿಶಿಣ ಪುಡಿಯೂ ಒಂದು ಪೊಟ್ಟಣ ಇಟ್ಟಿದ್ದೇನೆ, ಹೇಗಿದೆ ನೋಡು.

ಅಪ್ಪನಿಗೆ ಹೇಳು, ಬೀಡಿ ಬಿಟ್ಟೆ ಅಂತ ಅವನು ಹೇಳಿದ್ದನ್ನು ನಾನು ನಂಬಿಲ್ಲ.

ನಿನ್ನ,
ಮಲ್ಲಿ


ಯರಗುಪ್ಪಿ
೨೭ ಜನವರಿ ೨೦೨೫

ಮಲ್ಲಿಕಾಳಿಗೆ ದುರಗವ್ವ ಬರೆಯುವುದು.

ಇಲ್ಲಿ ನಾನು, ನಿಮ್ಮಪ್ಪ, ಎಮ್ಮೆ ಮೂವರೂ ಉಂಡುಟ್ಟು ಚೆನ್ನಾಗಿದ್ದೇವೆ. ಎಮ್ಮೆ ನಿಮ್ಮಪ್ಪನಿಗಿಂತ ಚೆನ್ನಾಗಿದೆ, ಅದು ಬೀಡಿ ಸೇದುವುದಿಲ್ಲ. ನಿನಗೆ ಬರೆಯುವಾಗೆಲ್ಲ ನಮ್ಮ ರೋಹಿಣಿ ಅಕ್ಕೋರ ಮಾತು ನೆನಪಾಗುತ್ತದೆ. ಸಂಘದ ಕೋಣೆಯಲ್ಲಿ ನಮಗೆ ಅಕ್ಷರ ಕಲಿಸುವಾಗ ‘ಕಾಗದಕ್ಕ ಕಾಗದದ ಮರ್ಯಾದಿ ಕೊಡ್ರಿ, ಪುಸ್ತಕದಾಗ ಇರೂ ಹಂಗ ಬರೀರಿ’ ಅನ್ನುತ್ತಿದ್ದರು. ಹಾಗೇ ಬರೆಯುತ್ತೇನೆ. ಸಿಟ್ಟು ಬಂದಾಗ ಮಾತ್ರ ಕೈ ತನ್ನಷ್ಟಕ್ಕೆ ತಾನೇ ನಮ್ಮ ಮಾತಿಗೆ ಹೊರಳುತ್ತದೆ. ಅದಕ್ಕೆ ನಾನು ಜವಾಬ್ದಾರಳಲ್ಲ.

ನಿನ್ನ ಡಬ್ಬಿ ಮುಟ್ಟಿದವು. ಹೊಲಕ್ಕೆ ಒಯ್ದು ಎಲ್ಲರ ಕೈಗೂ ಕೊಟ್ಟೆ. ಹಲೀಮಾಬಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಯಾಕಬೇ ದುರಗವ್ವಾ, ನಿನ್ನ ಮಗಳು ನಮ್ಮನ್ನ ಕಳ್ಳರ ಲಿಸ್ಟಿಗೆ ಹಚ್ಚತಾಳೇನು?’ ಅಂದಳು. ರೇವವ್ವ, ‘ಹಚ್ಚಲಿ ತಗೊ, ಪೊಲೀಸರು ಬಂದರ ಈ ಬಿಸಲಿಂದ ನೆಳ್ಳಿಗೆ ಕರಕೊಂಡು ಹೊಕ್ಕಾರು’ ಅಂದಳು. ಎಲ್ಲರೂ ನಕ್ಕು ನಕ್ಕು ಒಬ್ಬೊಬ್ಬರು ಹತ್ತು ನಿಮಿಷ ಹಿಡಿದು ಕೊಟ್ಟರು. ಆರೂ ಡಬ್ಬಿಗಳನ್ನು ನಾಳೆ ಸಿದ್ದರಾಮನ ಬಸ್ಸಿಗೆ ಹಾಕುತ್ತೇನೆ. ಮೆಣಸಿನಕಾಯಿ ಕೈಯಲ್ಲಿ ಮುಟ್ಟಿ ಹೊಲಸು ಮಾಡಿದ್ದರು. ಅದಕ್ಕೇ ಹುಣಸೆಹಣ್ಣು, ಬೂದಿ ಹಚ್ಚಿ ಲಕಲಕ ಬೆಳಗಿದ್ದೇನೆ. ನಿನ್ನ ಸಾಹೇಬರ ಮುಂದೆ ಹೋಗುವ ಸಾಮಾನು, ಯರಗುಪ್ಪಿಯವರು ಮುಸುರೆ ಡಬ್ಬಿ ಕಳಿಸಿದರು ಅನ್ನಬಾರದು. ಮತ್ತೆ ಡಬ್ಬಿ ಖಾಲಿ ಕಳಿಸುತ್ತಾರೇನು? ಮೂರರಲ್ಲಿ ಶೇಂಗಾ ಉಂಡಿ, ಎರಡರಲ್ಲಿ ಗುರೆಳ್ಳು ಚಟ್ನಿ, ಒಂದರಲ್ಲಿ ನಮ್ಮ ಜೊತೆ ಬಿಡಿಸುವ ಮಲ್ಲಮ್ಮ ಕೊಟ್ಟ ಕರದಂಟು ಇದೆ.

ಗಾಜಿನ ಪಟ್ಟಿ ಹಾಗೇ ಇಟ್ಟಿದ್ದೇನೆ. ಹೆಬ್ಬೆಟ್ಟು ನಾನು ಒತ್ತುವುದಿಲ್ಲ. ಸಹಿ ಬೇಕಾದರೆ ಎಷ್ಟು ಬೇಕಾದರೂ ಮಾಡಿಕೊಡುತ್ತೇನೆ. ಹಾಳೆಯ ಹಿಂದೆ ಹತ್ತು ಸಲ ಮಾಡಿದ್ದೇನೆ ನೋಡು.

ಇಂತಿ,
ದುರಗವ್ವ ಗುಡದಪ್ಪ


ಧಾರವಾಡ
೩ ಫೆಬ್ರವರಿ ೨೦೨೫

ಅವ್ವಾ,

ಅಯ್ಯೋ ನನ್ನವ್ವಾ! ಗುರುತು ಬೇಕು ಅಂತ ಮುಟ್ಟಿಸಿದ್ದು, ನೀನು ಬೆಳಗಿ ಕಳಿಸಿದರೆ ಏನು ಉಳಿಯಿತು? ಪ್ರಯೋಗಾಲಯದಲ್ಲಿ ಆರೂ ಡಬ್ಬಿ ಸಾಲಾಗಿಟ್ಟು, ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಅರಿಶಿಣ ಹಾಕಿದೆ. ಐದು ಡಬ್ಬಿ ಕನ್ನಡಿ. ಆರನೆಯದರಲ್ಲಿ ಒಂದು ಭಾರಿ ಹೆಬ್ಬೆರಳು ಸೊಗಸಾಗಿ ಎದ್ದಿತು. ನಮ್ಮ ಸಿದ್ದರಾಮ ಕಾಕಾಂದು, ಕೇಳಿದರೆ ಒಪ್ಪಿಕೊಂಡ. ಅದೇ ಡಬ್ಬಿಯಲ್ಲಿ ಕರದಂಟು ಎರಡು ತುಂಡು ಕಡಿಮೆ ಇದ್ದವು. ನನ್ನ ವೃತ್ತಿಜೀವನದ ಮೊದಲ ಕಳ್ಳ ಸಿಕ್ಕಿಬಿದ್ದ!

ಉಂಡಿ ಇಡೀ ವಿಭಾಗ ತಿಂದಿತು. ಹೇಮಂತ ಸರ್ ಚಟ್ನಿಯ ಡಬ್ಬಿಯನ್ನೇ ಮನೆಗೆ ಒಯ್ದರು. ಆದರೆ ಸಹಿ ವಿಷಯದಲ್ಲಿ ಒಂದಿಂಚೂ ಜಗ್ಗಲಿಲ್ಲ.

ಇನ್ನೊಂದು ಸಲ ಕೇಳುತ್ತೇನೆ, ಸಿಟ್ಟಾಗಬೇಡ. ಗಾಜಿನ ಪಟ್ಟಿಗಳ ಮೇಲೆ ಹತ್ತು ಜನರ ಹೆಬ್ಬೆರಳು ಬೇಕು. ಕೆಲಸದ ಮಧ್ಯೆ ಕೈ ಹೇಗಿರುತ್ತದೋ ಹಾಗೇ ಒತ್ತಬೇಕು. ತೊಳೆಯಬಾರದು, ಒರೆಸಬಾರದು, ಏನೂ ತುಂಬಬಾರದು. ಅಂಚು ಹಿಡಿದು ಪೆಟ್ಟಿಗೆಯ ಸೀಳುಗಳಲ್ಲಿ ನಿಲ್ಲಿಸಿಡು.

ಮತ್ತೆ ನಿನ್ನದು. ಏನವ್ವಾ ನಿನ್ನ ಹಟ? ಇದು ವಿಜ್ಞಾನ. ಬ್ಯಾಂಕು ಕಚೇರಿಯಲ್ಲಿ ಓದು ಬಾರದವರು ಒತ್ತುವ ಹೆಬ್ಬೆಟ್ಟಲ್ಲ ಇದು. ನೀನು ಈಗ ಓದು ಬರುವವಳು, ನಿನಗೆ ಅವಮಾನ ಎಲ್ಲಿಂದ? ಎಲ್ಲರದೂ ಕೊಡಿಸಿ ನಿನ್ನದೊಂದು ಇಲ್ಲ ಅಂದರೆ ನಗುವ ಹಾಗಾಗುತ್ತದೆ.

ನಿನ್ನ,
ಮಲ್ಲಿ


ಯರಗುಪ್ಪಿ
೧೨ ಫೆಬ್ರವರಿ ೨೦೨೫

ಮಲ್ಲಿಕಾಳಿಗೆ,

‘ಅವಮಾನ ಎಲ್ಲಿಂದ’ ಅಂತ ಕೇಳ್ತೀಯೇನಲೇ? ಎಲ್ಲಿಂದ ಅನ್ನೂದು ನಿನಗ ಗೊತ್ತಿಲ್ಲೇನು? ನಗೂ ಹಂಗ ಆಗತೈತೇನು? ಯಾರು ನಗತಾರ ನಗಲಿ ಕರಿ ಅವರನ್ನ!

ಪೆನ್ನು ಕೆಳಗಿಟ್ಟು ಚಹಾ ಕುಡಿದು ಬಂದೆ. ಈಗ ಪುಸ್ತಕದಂತೆ ಬರೆಯುತ್ತೇನೆ.

ನಿನ್ನನ್ನು ಆರನೆಯ ಇಯತ್ತೆಗೆ ಆ ದೊಡ್ಡ ಶಾಲೆಗೆ ಸೇರಿಸಿದ ದಿನ. ನಿಮ್ಮಪ್ಪ ಜ್ವರ ಬಂದು ಮಲಗಿದ್ದ, ನಾನೇ ಕರೆದುಕೊಂಡು ಬಂದೆ. ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಬರೆಯುವವರು ಫಾರಂ ಮುಂದಿಟ್ಟು ‘ಸಹಿ ಮಾಡ್ರಿ’ ಅಂದರು. ನನಗೆ ಬರೆಯಲು ಬರುತ್ತಿರಲಿಲ್ಲ. ಅವರೇನೂ ಬೈಯಲಿಲ್ಲ, ಒಳ್ಳೆಯವರೇ. ನನ್ನ ಹೆಬ್ಬೆರಳು ತಾವೇ ಹಿಡಿದು, ಮಸಿ ಡಬ್ಬಿಗೆ ಒತ್ತಿ, ಹಾಳೆಗೆ ಒತ್ತಿದರು. ಹಾಳೆಯ ಮೇಲೆ ಒಂದು ಕರಿ ಬೊಟ್ಟು ಬಿತ್ತು. ಬೆರಳು ಎಲ್ಲಿ ಒರೆಸಿಕೊಳ್ಳುವುದು ಅಂತ ತಿಳಿಯದೆ ಸೀರೆಯ ಒಳಸೆರಗಿಗೆ ಒರೆಸಿಕೊಂಡೆ. ನೀನು ಕಿಟಕಿಯ ಹೊರಗೆ, ಬೇವಿನ ಗಿಡದ ಕೆಳಗೆ ಹೊಸ ಹುಡುಗಿಯರ ಜೊತೆ ನಿಂತಿದ್ದೆ. ಮುಂದಿನದನ್ನು ಬರೆಯುವುದಿಲ್ಲ.

ಆ ವಾರವೇ ರೋಹಿಣಿ ಅಕ್ಕೋರ ಹತ್ತಿರ ಪಾಟಿ ಹಿಡಿದು ಕುಳಿತೆ. ಹದಿನಾಲ್ಕು ತಿಂಗಳು. ‘ದ’ದ ಮಗ್ಗುಲಿಗೆ ‘ು’ ಹೇಗೆ ಸೇರಿಸುವುದು ಅಂತ ತಿಳಿಯಲು ಒಂದು ಹತ್ತಿ ಸುಗ್ಗಿಯೇ ಹೋಯಿತು. ಅಂದಿನಿಂದ ನಾನು ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ. ಆಧಾರಿಗೆ ಹತ್ತೂ ಬೆರಳು ಕೇಳಿದರು. ಹತ್ತು ಬೆರಳಾದರೆ ಅದು ಹೆಬ್ಬೆಟ್ಟಲ್ಲ ಅಂತ ಒಪ್ಪಿದೆ. ರೇಷನ್ ಅಂಗಡಿಯ ಯಂತ್ರಕ್ಕೆ ನಿಮ್ಮಪ್ಪ ಹೋಗಿ ಒತ್ತಿ ಬರುತ್ತಾನೆ. ನೀನು ನನ್ನ ಮಗಳೇ ಇರಬಹುದು, ನಿನ್ನ ಮಾರ್ಚ್ ಮೂವತ್ತೊಂದು ಎಷ್ಟೇ ದೊಡ್ಡದಿರಬಹುದು. ನನ್ನ ಹೆಬ್ಬೆಟ್ಟು ಬೇಡಬೇಡ.

ಹತ್ತು ಜನರದ್ದು ಕಳಿಸಿದ್ದೇನೆ, ಒಬ್ಬೊಬ್ಬರದು ಎರಡೆರಡು ಗಾಜು. ಕೆಲಸದ ಮಧ್ಯದಲ್ಲೇ ಒತ್ತಿಸಿದ್ದೇನೆ, ತೊಳೆದಿಲ್ಲ. ಯಾವ ಗಾಜು ಯಾರದು ಅಂತ ನಾನೇ ಪಟ್ಟಿ ಬರೆದಿದ್ದೇನೆ. ಅಕ್ಷರ ಚೆನ್ನಾಗಿದೆ ಅಂತ ಮಲ್ಲಮ್ಮ ಹೇಳಿದಳು, ಅವಳಿಗೆ ಓದಲು ಬರುವುದಿಲ್ಲ.

ದುರಗವ್ವ


ಧಾರವಾಡ
೨ ಮಾರ್ಚ್ ೨೦೨೫

ಅವ್ವಾ,

ಹದಿನೈದು ದಿನ ಉತ್ತರ ಬರೆಯಲಿಲ್ಲ. ಕೆಲಸ ಇತ್ತು ಅಂತ ಬರೆಯಬಹುದಿತ್ತು, ಅದು ಸುಳ್ಳು. ನಾಲ್ಕು ಸಲ ಬರೆದು ಹರಿದೆ.

ಮೊದಲು ಗಾಜಿನದು ಹೇಳಿ ಮುಗಿಸುತ್ತೇನೆ. ಹತ್ತೂ ಕೆಟ್ಟವು. ರೇವವ್ವ ಅತ್ತೆಯ ಗಾಜಿನಿಂದ ಮೆಣಸಿನಕಾಯಿ ಘಾಟು ಎದ್ದು ಅರ್ಧ ಗಂಟೆ ಸೀನಿದೆ. ಅವರ ಕೈಗಳು ಅಷ್ಟು ಒಣಗಿವೆ, ಗಾಜಿನ ಮೇಲೆ ಬೆವರಾಗಲಿ ಎಣ್ಣೆಯಾಗಲಿ ಹೆಚ್ಚು ಉಳಿದೇ ಇಲ್ಲ. ಅರಿಶಿಣ ಹಾಕಿ ಕುಂಚ ಆಡಿಸಿದರೆ ಇದ್ದ ಸ್ವಲ್ಪವೂ ಅಳಿಸಿ ಹಳದಿ ಕಲೆ ಉಳಿಯುತ್ತದೆ. ಎರಡೆರಡು ಸಲ ಒತ್ತಿಸಿದ್ದೀಯಲ್ಲ, ಆ ಎರಡನೆಯ ಹತ್ತನ್ನು ಮುಟ್ಟದೆ ಇಟ್ಟಿದ್ದೇನೆ. ಅವೂ ಕೆಟ್ಟರೆ ಮುಗಿಯಿತು. ಹೇಮಂತ ಸರ್ ‘ಬ್ಯಾರೆ ವಿಷಯ ನೋಡಿಕೋ, ಮುಂದಿನ ವರ್ಷ ಕೊಟ್ಟರಾತು’ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಸ್ನಾನದ ಮನೆಗೆ ಹೋಗಿ ಅತ್ತೆ.

ಈಗ ಇನ್ನೊಂದು. ನೀನು ‘ಮುಂದಿನದನ್ನು ಬರೆಯುವುದಿಲ್ಲ’ ಅಂತ ಬರೆದೆ. ನಾನು ಬರೆಯುತ್ತೇನೆ. ಅದು ನಿನಗೆ ಗೊತ್ತಿಲ್ಲ ಅಂತಲೇ ಇಷ್ಟು ವರ್ಷ ನಾನು ಆರಾಮಾಗಿದ್ದೆ.

ಬೇವಿನ ಗಿಡದ ಕೆಳಗೆ ಒಬ್ಬಳು ಕಿಟಕಿಯತ್ತ ಬೆರಳು ಮಾಡಿ, ‘ಅಕಿ ನಿಮ್ಮವ್ವೇನು? ಹೆಬ್ಬೆಟ್ಟು ಒತ್ತಾಕತ್ತಾಳಲ್ಲ’ ಅಂತ ಕೇಳಿದಳು. ನಾನು ‘ಅಲ್ಲ, ನಮ್ಮ ಬಾಜು ಮನಿಯಾಕಿ, ನನ್ನ ಬಿಡಾಕ ಬಂದಾಳ’ ಅಂದೆ.

ಅಂದೆ ಅವ್ವಾ. ಅಷ್ಟು ಸಲೀಸಾಗಿ ಅಂದೆ. ನೀನು ಬಂದು ನನ್ನ ತಲೆ ಸವರಿ ‘ಛಲೋ ಓದು’ ಅಂದಾಗ ನಾನು ಆ ಹುಡುಗಿಯ ಮುಖ ನೋಡುತ್ತಿದ್ದೆ. ಆಮೇಲೆ ನೀನು ಮೊದಲ ಪತ್ರ ಬರೆದೆ, ದೊಡ್ಡ ದೊಡ್ಡ ಅಕ್ಷರ, ಅರ್ಧ ಸಾಲು ಮೇಲಕ್ಕೆ ಏರಿತ್ತು. ಅದನ್ನು ಎಲ್ಲ ಹುಡುಗಿಯರಿಗೂ ತೋರಿಸಿದೆ. ಆಗ ಎಲ್ಲ ಸರಿಹೋಯಿತು ಅಂದುಕೊಂಡೆ. ಸರಿಹೋಗಿರಲಿಲ್ಲ. ನೀನು ಅಕ್ಷರ ಕಲಿತ ಮೇಲೆ ಮಾತ್ರ ನಿನ್ನನ್ನು ನನ್ನವ್ವ ಅಂದೆನಲ್ಲ, ಅದು ಇನ್ನೂ ಕೆಟ್ಟದ್ದು.

ನಿನ್ನ ಹೆಬ್ಬೆರಳನ್ನು ಇನ್ನೆಂದೂ ಕೇಳುವುದಿಲ್ಲ. ವರ್ಷ ಹೋದರೆ ಹೋಗಲಿ.

ಮಲ್ಲಿ


ಯರಗುಪ್ಪಿ
೭ ಮಾರ್ಚ್ ೨೦೨೫

ಮಲ್ಲಿ,

ಆ ಕಿಟಕಿಯಿಂದ ಬೇವಿನ ಗಿಡ ಎಷ್ಟು ದೂರ? ಹತ್ತು ಹೆಜ್ಜೆ. ನನ್ನ ಕೈ ಸವೆದಿರಬಹುದು, ಕಿವಿ ಸವೆದಿರಲಿಲ್ಲ. ನನಗೆ ಅವತ್ತೇ ಕೇಳಿಸಿತ್ತು.

ಕೆಟ್ಟೆನಿಸಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಬಾಜು ಕುಳಿತವಳು ‘ಮಗಳನ್ನ ಹಾಸ್ಟೆಲಿಗೆ ಬಿಟ್ಟು ಬಂದ್ರೇನು?’ ಅಂತ ಕೇಳಿ ಬಾಳೆಹಣ್ಣು ಕೊಟ್ಟಳು. ತಿಂದೆ. ಊರು ಬರುವ ಹೊತ್ತಿಗೆ ಇಷ್ಟೇ ತಿಳಿಯಿತು. ಹನ್ನೊಂದು ವರ್ಷದ ಕೂಸು, ಹೊಸ ಜಾಗ, ಹೆದರಿಕೊಂಡು ಒಂದು ಮಾತು ಅಂದಿತು. ನೀನು ಸುಳ್ಳು ಹೇಳಬೇಕಾಗಿ ಬಂತಲ್ಲ ಅಂತ ನನಗೆ ಸಂಕಟ ಆದದ್ದು, ನಿನ್ನ ಮೇಲೆ ಸಿಟ್ಟಲ್ಲ. ನೀನು ಇನ್ನೂ ಅದನ್ನು ಹೊತ್ತುಕೊಂಡು ತಿರುಗುತ್ತೀ ಅಂತ ಗೊತ್ತಿದ್ದರೆ ಎಂದೋ ಇಳಿಸಿಬಿಡುತ್ತಿದ್ದೆ. ನಾನೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಇಬ್ಬರೂ ಹುಚ್ಚಿಯರು. ಸಾಕು.

ಈಗ ಕೆಲಸದ ಮಾತು. ಅಲ್ಲಬೇ, ಒಣಗಿದ ಕೈ ಅಂತೀ, ಇದ್ದದ್ದು ಅಳಿಸುತ್ತದೆ ಅಂತೀ, ಮತ್ತೆ ಕುಂಚ ಯಾಕೆ ಆಡಿಸುತ್ತೀ? ಕಸಬರಿಗೆ ಹಾಕಿದ ಮೇಲೆ ರಂಗೋಲಿ ಉಳಿಯುತ್ತದೇನು?

ಒಂದು, ನಿನ್ನ ಪುಡಿಯೇ ಸರಿಯಿಲ್ಲ. ಡಬ್ಬಿಯ ಜೊತೆ ಒಂದು ಪೊಟ್ಟಣದಲ್ಲಿ ಬಂದಿತ್ತಲ್ಲ, ತಿಕ್ಕಿ ನೋಡಿದೆ. ಪೇಟೆಯದು, ಬೆರಳಿಗೆ ಉಸುಕು ಹತ್ತಿದಂತೆ ಹತ್ತುತ್ತದೆ. ಮಲ್ಲಮ್ಮನ ಮಗಳನ್ನು ಕೊಟ್ಟದ್ದು ಕಲಘಟಗಿ ಕಡೆಗೆ, ಅವರ ಹಿತ್ತಲಿನ ಅರಿಶಿಣ ಕೊಂಬು ನನ್ನ ಹತ್ತಿರ ಇತ್ತು. ಒಡೆದು, ನೆರಳಲ್ಲಿ ಒಣಗಿಸಿ, ಕುಟ್ಟಿ, ಬೀಸುಕಲ್ಲಿನಲ್ಲಿ ಬೀಸಿ, ನಿಮ್ಮಪ್ಪನ ಹಳೆಯ ಧೋತರದಲ್ಲಿ ಮೂರು ಸಲ ಸೋಸಿದ್ದೇನೆ. ಮೂರನೆಯ ಸಲ ಕೆಳಗೆ ಬಿದ್ದದ್ದಷ್ಟೇ ಕಳಿಸಿದ್ದು. ಅಂಗೈ ಮೇಲಿಟ್ಟು ಊದು, ಹೊಗೆಯ ಹಾಗೆ ಏಳಬೇಕು. ತೇವ ತಾಕಿಸಬೇಡ. ‘ಇನ್ನೂ ಎಷ್ಟು ಸೋಸತೀ, ಮಗಳ ಮದಿವಿಗೇನು?’ ಅಂತ ನಿಮ್ಮಪ್ಪ ಕೇಳಿದ. ‘ಮದಿವಿಗಿಂತ ಜರೂರೈತಿ’ ಅಂದೆ.

ಎರಡು, ಕುಂಚ ಬಿಡು. ನೀನು ಮೊರದಲ್ಲಿ ಕೇರಿದ್ದೀಯಲ್ಲ, ಜೋಳ ಹಸನು ಮಾಡುವಾಗ? ಹಾಗೇ ಮಾಡು. ಗಾಜಿನ ಒಂದು ತುದಿಗೆ ಚಿಟಿಕೆ ಪುಡಿ ಹಾಕು. ಗಾಜನ್ನು ಮೆಲ್ಲಗೆ ಓರೆ ಮಾಡಿ ಪುಡಿಯನ್ನು ಈ ಕಡೆಯಿಂದ ಆ ಕಡೆಗೆ ಹರಿಸು, ಮತ್ತೆ ತಿರುಗಿ ಹರಿಸು. ಆಮೇಲೆ ಅಂಚಿಗೆ ಬೆರಳಿನಿಂದ ಎರಡು ಸಲ ತಟ್ಟು. ಹಿಡಿಯಬೇಕಾದದ್ದು ಹಿಡಿಯುತ್ತದೆ, ಉಳಿದದ್ದು ಬೀಳುತ್ತದೆ. ಕಾಳು ತನ್ನಷ್ಟಕ್ಕೆ ಹೊಟ್ಟಿನಿಂದ ಬೇರೆಯಾಗುತ್ತದೆ, ನಾವೇನು ಒರೆಸುತ್ತೇವೇನು?

ಅಳುವುದು ಬಿಟ್ಟು ಮಾಡಿ ನೋಡು. ಇನ್ನೂ ಇಪ್ಪತ್ತನಾಲ್ಕು ದಿನ ಇದೆ.

ನಿನ್ನ ಅವ್ವ,
ದುರಗವ್ವ


ಧಾರವಾಡ
೧೮ ಮಾರ್ಚ್ ೨೦೨೫

ಅವ್ವಾ! ಅವ್ವಾ! ಅವ್ವಾ!

ಬಂತು! ಹತ್ತರಲ್ಲಿ ಎಂಟು ಬಂದವು!

ನಿನ್ನ ಪತ್ರ ಓದಿ ಒಂದು ದಿನ ಏನೂ ಮಾಡಲಿಲ್ಲ, ಸುಮ್ಮನೆ ಮಲಗಿದ್ದೆ. ಎದೆಯ ಮೇಲಿನದು ಇಳಿದ ಮೇಲೆ ನಿದ್ದೆ ಎಂಥದ್ದು ಬಂತು ಅಂತೀ. ನಾಜಮೀನ್ ಬಂದು ಹಣೆ ಮುಟ್ಟಿ ನೋಡಿದಳು. ಮರುದಿನ ನಿನ್ನ ಪುಡಿ ಊದಿದೆ, ಹೊಗೆಯ ಹಾಗೇ ಎದ್ದಿತು. ಮೊದಲು ನನ್ನ ಬೆರಳಿನ ಮೇಲೇ ಎರಡು ದಿನ ಕೇರುವುದು ರೂಢಿ ಮಾಡಿಕೊಂಡೆ. ಆಮೇಲೆ ಹಲೀಮಾಬಿ ಚಾಚಿಯ ಗಾಜು ತೆಗೆದುಕೊಂಡೆ. ಓರೆ ಮಾಡಿ ಹರಿಸಿದೆ, ತಿರುಗಿಸಿದೆ, ಅಂಚಿಗೆ ಎರಡು ಸಲ ತಟ್ಟಿದೆ. ಪುಡಿ ಜಾರಿ ಹೋಯಿತು. ಗೆರೆ ಉಳಿದವು. ತೆಳ್ಳಗೆ, ಅಲ್ಲಲ್ಲಿ ಕಡಿದು, ಆದರೆ ಗೆರೆಗಳೇ. ರೇವವ್ವ ಅತ್ತೆಯ ಹೆಬ್ಬೆರಳಿಗೆ ಅಡ್ಡವಾಗಿ ಕುಡುಗೋಲಿನ ಹಳೆಯ ಗಾಯ ಇದೆ. ಅದೂ ಅಷ್ಟೇ ಸ್ಪಷ್ಟವಾಗಿ ಬಂದಿದೆ. ಮಲ್ಲಮ್ಮ ಅತ್ತೆಯದು ಮತ್ತು ಇನ್ನೊಬ್ಬರದು ಮಾತ್ರ ಬರಲಿಲ್ಲ. ಅದನ್ನೂ ವರದಿಯಲ್ಲಿ ಹಾಗೇ ಬರೆಯುತ್ತೇನೆ.

ಹೇಮಂತ ಸರ್ ಎಂಟನ್ನೂ ಭೂತಗನ್ನಡಿಯಲ್ಲಿ ನೋಡಿದರು. ಒಂದು ತಾಸು ಕೂತರು. ಎದ್ದು, ‘ಹಿಂಗ ಹರಿಸಿ ತಟ್ಟೂದು ಯಾರು ಹೇಳಿಕೊಟ್ಟರು ನಿನಗ?’ ಅಂದರು. ಸುತ್ತ ನಮ್ಮ ಕ್ಲಾಸಿನವರೆಲ್ಲ ನಿಂತಿದ್ದರು. ‘ನಮ್ಮೂರ ಹೆಣ್ಣುಮಕ್ಕಳು ಹೇಳಿದರು ಸರ್’ ಅಂದೆ. ಅವರು ‘ಶಭಾಷ್’ ಅಂದು ವರದಿಗೆ ಸಹಿ ಮಾಡುತ್ತೇನೆ ಅಂದರು. ಮುಂದಿನ ತಿಂಗಳು ಮೌಖಿಕ ಪರೀಕ್ಷೆ, ಹೊರಗಿನ ಪರೀಕ್ಷಕರು ಬರುತ್ತಾರೆ.

ಹತ್ತು ಜನರಿಗೂ ಒಪ್ಪಿಗೆ ಪತ್ರ ಕಳಿಸಿದ್ದೇನೆ. ಎಲ್ಲರಿಗೂ ಓದಿ ಹೇಳಿ, ಒಪ್ಪಿದವರಿಂದ ಗುರುತು ಹಾಕಿಸು. ಸಾಕ್ಷಿ ಅಂತ ನೀನು ಸಹಿ ಮಾಡು. ಚಾಚಿಗೆ ಹೇಳು, ಯಾರ ಹೆಸರೂ ಕಳ್ಳರ ಲಿಸ್ಟಿಗೆ ಹೋಗಿಲ್ಲ.

ನಿನ್ನ,
ಮಲ್ಲಿ


ಯರಗುಪ್ಪಿ
೨೪ ಮಾರ್ಚ್ ೨೦೨೫

ಮಲ್ಲಿ,

ನಿನ್ನ ಪತ್ರವನ್ನು ಹೊಲದ ಬದುವಿನ ಮೇಲೆ ಕುಳಿತು ಎಲ್ಲರಿಗೂ ಓದಿ ಹೇಳಿದೆ. ಎಂಟು ಜನ ಹಿಗ್ಗಿದರು. ಮಲ್ಲಮ್ಮ ಮಾತ್ರ ಮುಖ ಊದಿಸಿಕೊಂಡು, ‘ನನ್ನ ಹೆಬ್ಬಟ್ಟಿಗೇನಾಗೇತಿ ದಾಡಿ? ಅರಿಶಿಣ ನನ್ನ ಮಗಳ ಮನಿದು, ನನ್ನ ಹೆಬ್ಬಟ್ಟ ಬರಲಿಲ್ಲಂದ್ರ ಏನರ್ಥ?’ ಅಂತ ಎರಡು ದಿನ ಮಾತು ಬಿಟ್ಟಳು. ಈಗ ಸರಿಯಾಗಿದ್ದಾಳೆ. ಒಪ್ಪಿಗೆ ಪತ್ರ ಹತ್ತೂ ಇವೆ. ಕಡಲೆ ರಾಶಿ ಮುಗಿದಿದೆ. ನಿಮ್ಮಪ್ಪ ಯುಗಾದಿಗೆ ನಿನ್ನ ದಾರಿ ನೋಡುತ್ತಿದ್ದಾನೆ, ಬರಲಾಗದಿದ್ದರೆ ಪರೀಕ್ಷೆ ಮುಗಿಸಿಯೇ ಬಾ.

‘ಊರ ಹೆಣ್ಣುಮಕ್ಕಳು ಹೇಳಿದರು’ ಅಂತ ಸಾಹೇಬರಿಗೆ ಹೇಳಿದೆಯಂತೆ. ಸರಿಯಾಗೇ ಹೇಳಿದ್ದೀ. ನಾನೂ ಊರ ಹೆಣ್ಣುಮಗಳೇ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ರೊಟ್ಟಿ ಬಡಿದು ಮುಗಿಸಿ ಕುಳಿತಿದ್ದೆ. ನೀನು ಕಳಿಸಿದ ಗಾಜಿನಲ್ಲಿ ಕೆಲವು ಇಲ್ಲೇ ಉಳಿದಿದ್ದವು. ಏನನಿಸಿತೋ, ಒಂದನ್ನು ತೆಗೆದು ಹೆಬ್ಬೆರಳು ಇಟ್ಟೆ. ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ. ಮಸಿ ಇರಲಿಲ್ಲ, ಫಾರಂ ಇರಲಿಲ್ಲ. ನಾನೇ ಇಟ್ಟೆ, ನಾನೇ ತೆಗೆದೆ. ಆಮೇಲೆ ಪುಡಿ ಹಾಕಿ ಕೇರಿದೆ.

ಬೆಳಕಿಗೆ ಹಿಡಿದು ನೋಡಿದೆ ಮಲ್ಲಿ. ಅವತ್ತು ಹಾಳೆಯ ಮೇಲೆ ಬರೀ ಕರಿ ಬೊಟ್ಟು ಕಂಡಿತ್ತು. ಅಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಇದರಲ್ಲಿ ಎಷ್ಟು ಗೆರೆ! ಸುತ್ತಿ ಸುತ್ತಿ ಒಳಗೆ ಹೋಗುತ್ತವೆ. ಎಣಿಸಲು ಹೋದೆ, ಹದಿನಾರರ ಮೇಲೆ ಕಣ್ಣು ತಪ್ಪಿತು. ಇಂಥದ್ದು ಇನ್ನೊಬ್ಬರ ಹತ್ತಿರ ಇಲ್ಲ ಅಂತ ನೀನು ಒಮ್ಮೆ ಹೇಳಿದ್ದೆ. ಬಹಳ ಹೊತ್ತು ನೋಡಿದೆ. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಅದನ್ನು ನಾನಿಟ್ಟುಕೊಂಡಿದ್ದೇನೆ. ನಿನಗೆ ಇನ್ನೊಂದು ಒತ್ತಿ, ಪುಡಿ ಹಾಕದೆ ಕಳಿಸಿದ್ದೇನೆ. ಬೇಡಿದ್ದಕ್ಕೆ ಅಲ್ಲ, ಕೊಡಬೇಕು ಅನಿಸಿದ್ದಕ್ಕೆ. ಒಪ್ಪಿಗೆ ಪತ್ರ ನನ್ನ ಕೈಯಿಂದಲೇ ಬರೆದು ಸಹಿ ಹಾಕಿದ್ದೇನೆ. ನಿನ್ನ ಪಟ್ಟಿಯಲ್ಲಿ ಅದು ಹನ್ನೊಂದನೆಯದು. ಯಾರದು ಅಂತ ಸಾಹೇಬರು ಕೇಳಿದರೆ ಏನು ಹೇಳುತ್ತೀಯೋ, ಅದು ನಿನಗೆ ಬಿಟ್ಟದ್ದು. ಊರ ಹೆಣ್ಣುಮಗಳು ಅಂದರೂ ನನಗೆ ಬೇಸರವಿಲ್ಲ.

ನಿನ್ನ ಅವ್ವ,
ದುರಗವ್ವ ಗುಡದಪ್ಪ


ಧಾರವಾಡ
೧೭ ಏಪ್ರಿಲ್ ೨೦೨೫

ಅವ್ವಾ,

ಪಾಸಾದೆ. ಮೊದಲು ಅದನ್ನು ಓದಿಬಿಡು, ಅಪ್ಪನಿಗೆ ಕೂಗಿ ಹೇಳು, ಆಮೇಲೆ ಉಳಿದದ್ದನ್ನು ಕುಳಿತು ಓದು. ಫೋನ್ ಮಾಡಬಹುದಿತ್ತು. ಬರೆಯಬೇಕು ಅನಿಸಿತು.

ಪರೀಕ್ಷಕರು ಬಿಳಿ ಮೀಸೆಯವರು, ಮೂವತ್ತು ವರ್ಷ ಇದೇ ಕೆಲಸ ಮಾಡಿದವರಂತೆ. ಮಾತಿನ ಮಧ್ಯೆ ಕೆಮ್ಮುತ್ತಿದ್ದರು. ಹೇಮಂತ ಸರ್, ವಿಭಾಗದ ಎಲ್ಲರೂ, ನಮ್ಮ ಕ್ಲಾಸಿನ ಇಪ್ಪತ್ತು ಜನ ಕೋಣೆಯಲ್ಲಿದ್ದರು. ನಾನು ಒಂದರಿಂದ ಹತ್ತರವರೆಗೆ ಹೇಳಿದೆ, ಬಂದದ್ದು, ಬಾರದ್ದು ಎರಡನ್ನೂ. ಅವರು ಪೆಟ್ಟಿಗೆಗೆ ಕೈ ಹಾಕಿ, ನಾನು ಪುಡಿ ಹಾಕಿ ಕೇರಿಟ್ಟಿದ್ದ ಹನ್ನೊಂದನೆಯದನ್ನು ತಾವೇ ತೆಗೆದರು. ಕಿಟಕಿಯ ಹತ್ತಿರ ಹೋದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

‘ಅಗದಿ ದುಡದ ಕೈ ಇದು’ ಅಂದರು. ‘ಗೆರಿ ಸವದಾವು, ಆದರೂ ಒಂದೂ ಬಿಟ್ಟಿಲ್ಲ. ಒತ್ತಿದವರು ನಡುಗಿಲ್ಲ, ಜಾರಿಲ್ಲ. ಇಷ್ಟು ಸ್ವಚ್ಛ ಕೊಟ್ಟವರನ್ನ ನಾ ಭಾಳ ಕಂಡಿಲ್ಲ. ಹೆಸರು ಹೇಳಬೇಕಂತಿಲ್ಲವಾ, ಯಾರೋ ಊರಾಕೇನು?’

ಅವರೇ ಉತ್ತರ ಕೊಟ್ಟಿದ್ದರು ಅವ್ವಾ. ‘ಹೌದ್ರಿ’ ಅಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

‘ನಮ್ಮವ್ವಂದ್ರಿ’ ಅಂದೆ. ದನಿ ಸಣ್ಣಗೆ ಬಂತು. ಅವರು ‘ಏನಂದಿ?’ ಅಂದರು. ಆಗ ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದೆ. ‘ನಮ್ಮವ್ವನ ಹೆಬ್ಬೆಟ್ಟರಿ ಅದು. ದುರಗವ್ವ ಅಂತ ಅಕಿ ಹೆಸರು. ಪುಡಿ ಸೋಸಿದಾಕೀನೂ ಅಕೀನ, ಹಿಂಗ ಕೇರೂದು ಕಲಿಸಿದಾಕೀನೂ ಅಕೀನ.’

ನಿನ್ನ ಮಗಳು,
ಮಲ್ಲಿಕಾ ದುರಗವ್ವ